ಪದ್ಮಜಾ ಜೋಡಿಸಿದ ಕಂಪ್ಯೂಟರು

ಫ್ರೀಮಾಂಟಿನ ವೆಂಕಟಾಚಲ ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರಾಗಿದ್ದವನು. ಐವತ್ತು ದಾಟುವ ಹೊತ್ತಿಗೆ ಅವನಿಗೆ ನರಗಳ ಕಾಯಿಲೆ ಬಂತು. ಮೊದಲು ಕೈ ಹೋಗುತ್ತದೆ, ಆಮೇಲೆ ಮಾತು ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ದನಿ ಇರುವಾಗಲೇ ಅವನು ಅದನ್ನು ರೆಕಾರ್ಡ್ ಮಾಡಿಟ್ಟ. ಪರದೆಯ ಮೇಲಿನ ಅಕ್ಷರಗಳನ್ನು ಕಣ್ಣಿನ ನೋಟದಿಂದಲೇ ಆರಿಸಿದರೆ ಅವನದೇ ದನಿಯಲ್ಲಿ ಮಾತಾಡುವ ಕಂಪ್ಯೂಟರನ್ನು ತಾನೇ ಕಟ್ಟಲು ಬಿಡಿಭಾಗಗಳನ್ನು ತರಿಸಿದ.

ಕಂಪ್ಯೂಟರಿನೊಳಗೆ ಹಾಕುವ ಫ್ಯಾನನ್ನು ಆಯ್ಕೆ ಮಾಡಲು ಅವನು ಬಹಳ ಹೊತ್ತು ತೆಗೆದುಕೊಂಡದ್ದು ಕಂಡು ಹೆಂಡತಿ ಪದ್ಮಜಾ ಕಾರಣ ಕೇಳಿದಳು.

“ಹಾಸಿಗೆ ಪಕ್ಕದಲ್ಲೇ ಇರತ್ತಲ್ಲ. ಸದ್ದು ಮಾಡಿದ್ರೆ ನಿಂಗೆ ನಿದ್ದೆ ಬರಲ್ಲ,” ಅಂದ.

ಜೋಡಿಸಲು ಕೂತಾಗ ಪ್ರೊಸೆಸರು ಅವನ ಬೆರಳುಗಳಿಂದ ಜಾರಿ ಮೇಜಿನ ಮೇಲೆ ಬಿತ್ತು. ಅವನು ಅದನ್ನೇ ನೋಡುತ್ತಾ ಕೂತ. ಅದುವರೆಗೆ ಸ್ಕ್ರೂಡ್ರೈವರನ್ನೂ ಹಿಡಿಯದ ಪದ್ಮಜಾ ಕೈ ಒರೆಸಿಕೊಂಡು ಬಂದು ಅದನ್ನು ಎತ್ತಿಕೊಂಡಳು.

“ಒತ್ತಬೇಡ. ಸುಮ್ನೆ ಇಡು, ಅದೇ ಕೂತ್ಕೊಳತ್ತೆ,” ಅಂದ. ಮೆಮೊರಿಯ ಸರದಿ ಬಂದಾಗ, “ಇದನ್ನ ಮಾತ್ರ ಗಟ್ಟಿಯಾಗಿ ಒತ್ತು. ಟಕ್ ಅನ್ನಬೇಕು,” ಅಂದ. ಆಗಲೇ ಅವನ ಮಾತು ತೊದಲುತ್ತಿತ್ತು.

ಕಂಪ್ಯೂಟರು ಚೆನ್ನಾಗಿಯೇ ಕೆಲಸ ಮಾಡಿತು. ಮಾತು ಪೂರ್ತಿ ನಿಂತ ಮೇಲೆ ಅವನು ಅದರಿಂದಲೇ ನೀರು ಕೇಳಿದ, ಮಗಳು ಮಾನ್ಯಾಳ ಜೊತೆ ವಾದ ಮಾಡಿದ. ಕೊನೆಕೊನೆಗೆ ಕಣ್ಣೂ ಸೋತಿತು. “ಸಾಕು” ಎನ್ನುವುದಕ್ಕೂ ಬಹಳ ಹೊತ್ತು ಹಿಡಿಯುತ್ತಿತ್ತು.

ಅವನು ತೀರಿಕೊಂಡ ಮೇಲೆ, ಲಾಸ್ ಆಲ್ಟೋಸಿನಲ್ಲಿ ಅದೇ ಕಾಯಿಲೆಯಿದ್ದ ಒಬ್ಬ ಹೆಂಗಸಿಗೆ ಪದ್ಮಜಾ ಕಂಪ್ಯೂಟರನ್ನು ಕೊಟ್ಟಳು. ಕೊಡುವ ಮುನ್ನ ತಾನೇ ಬಿಚ್ಚಿ, ಗಂಡನ ದನಿಯಿದ್ದ ಡಿಸ್ಕನ್ನು ತೆಗೆದು ಹೊಸದನ್ನು ಕೂರಿಸಿದಳು.

“ಅಮ್ಮಾ, ಅಪ್ಪನ ವಾಯ್ಸು ಒಂದ್ಸಲ ಪ್ಲೇ ಮಾಡ್ಲಾ?” ಎಂದು ಮಾನ್ಯಾ ಕೇಳಿದಳು.

“ಈಗ ಬೇಡ,” ಅಂದಳು ಪದ್ಮಜಾ. ಆ ಡಿಸ್ಕನ್ನು ಅವರು ಇನ್ನೂ ಯಾವುದಕ್ಕೂ ಜೋಡಿಸಿಲ್ಲ.