ಗಿಟಾರಿಗೆ ಬಿದ್ದ ಭಂಡಾರ

ಮಾವ ಮುಷ್ಟಿ ತುಂಬ ಭಂಡಾರದ ಅರಿಶಿನ ತೆಗೆದು ನನ್ನ ಹಳೆಯ ಎಲೆಕ್ಟ್ರಿಕ್ ಗಿಟಾರಿನ ಮೇಲೆ ಎರಚಿಯೇಬಿಟ್ಟರು. ತೆಲಂಗಾಣ ರಾಜ್ಯವಾದ ವರ್ಷದ ದಸರಾ. ಮಕ್ತಲ್‌ನ ಅವರ ಮನೆಯ ಆಯುಧಪೂಜೆಯಲ್ಲಿ ಉಣ್ಣೆ ಕತ್ತರಿ, ಡೊಳ್ಳಿನ ಪಕ್ಕ ಅದನ್ನೂ ಕೂರಿಸಿದ್ದರು.

"ಏನ್ ಮಾಡಿದ್ರಿ ಮಾವಾ! ಇದು ನನಗಿಂತ ಹಳೇದೈತಿ. ಇದರ ಹಾಲಿನಂಥ ಬಿಳಿ ಬಣ್ಣಕ್ಕೇ ಕಿಮ್ಮತ್ತು!" ಎಂದು ಕಿರುಚಿದೆ.

"ಮೈಲಾರಲಿಂಗನ ಮೈಮ್ಯಾಲೇ ಹಾಕ್ತೀವಿ. ನಿನ್ನ ಗಿಟಾರ ಅವನಿಗಿಂತ ದೊಡ್ಡದೇನೋ?" ಎಂದರು ಮಾವ.

ಎಷ್ಟು ಒರೆಸಿದರೂ ಹಳದಿ ಹೋಗಲಿಲ್ಲ.

ಮೊನ್ನೆ ಹೈದರಾಬಾದಿನಿಂದ ಬಂದಿದ್ದ ಹಳೆ ಗಿಟಾರುಗಳ ಹುಚ್ಚನೊಬ್ಬ ಅದನ್ನು ಮೆಲ್ಲಗೆ ಸವರಿ, "ಆಹಾ! ಬಿಳಿ ಬಣ್ಣ ಮಾಗಿ ಈ ಹಳದಿಗೆ ಬರಬೇಕಾದರೆ ನಲವತ್ತು ವರ್ಷ ಬೇಕು" ಎಂದು ಕಣ್ಣು ಮುಚ್ಚಿದ. ನಮ್ಮ ಮಾವನಿಗೆ ಒಂದೇ ಮುಷ್ಟಿ ಸಾಕಾಗಿತ್ತು.