ಗಂಟೆಗೆ ಮುಂಚಿನ ಹತ್ತು ನಿಮಿಷ

ಬೆಳಗಿನ ಆರೂವರೆ. ಶಾಲೆಯ ಗೇಟಿನ ಬೀಗ ಇನ್ನೂ ತಣ್ಣಗಿದೆ. ಐದನೇ ಕೊಠಡಿಯಲ್ಲಿ ಆಯಮ್ಮ ಒಂದು ಡೆಸ್ಕನ್ನು ಬಾಗಿಲ ಪಕ್ಕಕ್ಕೆ ಎಳೆದು ತರುತ್ತಾರೆ. ನಿನ್ನೆ ಸಂಜೆ ಯಾರೋ ಅದನ್ನು ಮತ್ತೆ ಸಾಲಿಗೆ ಸೇರಿಸಿದ್ದಾರೆ.

"ಸಾಲು ನೆಟ್ಟಗಿದ್ರೆ ಸಾಕು ಇವ್ರಿಗೆ. ಮಗು ಹೇಗಾದ್ರೂ ಸಾಯ್ಲಿ!"

ಆ ಡೆಸ್ಕು ಒಂಬತ್ತು ವರ್ಷದ ಹುಡುಗಿಯದು. ಬಾಗಿಲು ಕಾಣದಿದ್ದರೆ ಅವಳಿಗೆ ಉಸಿರು ಕಟ್ಟುತ್ತದೆ. ಹಿಂದಿನಿಂದ ಮುಟ್ಟಿದರೆ ಕೈಗೆ ಸಿಕ್ಕಿದ್ದು ಹಾರುತ್ತದೆ. ತರಗತಿಯ ಟೀಚರಿಗೆ ಇದು ಗೊತ್ತು. ಅವರು ರಜೆ ಹಾಕಿದಾಗ ಬರುವ ಬದಲಿ ಟೀಚರಿಗೆ ಆಫೀಸು ಹಾಜರಿ ಪುಸ್ತಕ ಕೊಡುತ್ತದೆ, ಸೀಮೆಸುಣ್ಣ ಕೊಡುತ್ತದೆ. ಮಕ್ಕಳ ಬಗ್ಗೆ ಒಂದು ಮಾತಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟ ಹಾಗೆ.

ಆ ಮಾತು ಹೇಳುವ ಕೆಲಸವನ್ನು ಹತ್ತೊಂಬತ್ತು ವರ್ಷದಿಂದ ಆಯಮ್ಮ ಮೈಮೇಲೆ ಹಾಕಿಕೊಂಡಿದ್ದಾರೆ. ನೆಲ ಒರೆಸುವುದು, ನೀರು ತುಂಬುವುದಷ್ಟೇ ಅವರ ಹುದ್ದೆಯ ಕೆಲಸ. ಹಳೆ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಇಂಥ ಒಂದೊಂದು ಮಗುವಿಗೆ ಒಂದೊಂದು ಚೀಟಿ ಬರೆಯುತ್ತಾರೆ: ಯಾವುದಕ್ಕೆ ಕೆರಳುತ್ತದೆ, ಯಾವುದಕ್ಕೆ ತಣಿಯುತ್ತದೆ. ಈ ಕೊಠಡಿಯಲ್ಲಿ ಇಪ್ಪತ್ತೆಂಟು ಮಕ್ಕಳು, ಆರು ಚೀಟಿ. ಬದಲಿ ಟೀಚರ್ ಬಂದ ದಿನ, ಗಂಟೆ ಹೊಡೆಯುವ ಮುಂಚೆ ಗೇಟಿನಲ್ಲೇ ಅವರಿಗೆ ಹತ್ತು ನಿಮಿಷ ಪಾಠ.

ಕಳೆದ ತಿಂಗಳು ಹೆಡ್‌ಮಿಸ್ ಚೀಟಿಗಳನ್ನು ಕಿತ್ತುಕೊಂಡು ಡ್ರಾಯರಿಗೆ ತಳ್ಳಿದರು. "ಕಸ ಗುಡಿಸೋರು ಟೀಚರಿಗೆ ಕಲಿಸ್ತಾರಾ?" ಮರುವಾರ ಬಂದ ಬದಲಿ ಟೀಚರ್, ಶಿಸ್ತಿರಲಿ ಎಂದು ಬಾಗಿಲು ಹಾಕಿ, ಹುಡುಗಿಯ ಭುಜ ಹಿಡಿದು ಕೂರಿಸಿದರು. ಅವಳ ಕೈಯಿಂದ ಊಟದ ಡಬ್ಬಿ ಹಾರಿ ಅವರ ಹುಬ್ಬು ಸೀಳಿತು. ಕಡತಕ್ಕೆ ಹೋದದ್ದೇನು? "ಮಗು ಅಪಾಯಕಾರಿ. ಎರಡನೇ ದೂರು." ಮೂರನೆಯದಾದರೆ ಶಾಲೆಯಿಂದ ಹೊರಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ ಅಲ್ಲವೇ?

ಇವತ್ತು ಮತ್ತೆ ಬದಲಿ. ಬಂದವರು ತರುಣಿ, ಹೊಸಬರು. ಆಯಮ್ಮನ ಕೈ ಬರಿದು, ಚೀಟಿಯಲ್ಲಿದ್ದದ್ದೆಲ್ಲ ಬಾಯಲ್ಲಿದೆ.

"ಬಾಗಿಲು ಹಾಕ್ಬೇಡಿ ಮಿಸ್. ಬಾಗಿಲ ಪಕ್ಕದ ಹುಡುಗೀನ ಮುಟ್ಬೇಡಿ, ಎದುರಿಗೆ ಬಂದು ಮಾತಾಡಿ."

"ಎದ್ದು ಓಡಿದ್ರೆ?"

"ಕಾರಿಡಾರ್ ತುದಿವರೆಗೆ ಕಂಬ ಎಣಿಸ್ಕೊಂಡು ಹೋಗಿ, ತಾನೇ ವಾಪಸ್ ಬರ್ತಾಳೆ. ಅಲ್ಲಿ ನಾನಿರ್ತೀನಿ."

"ಆಫೀಸಲ್ಲಿ ಯಾರೂ ಹೇಳ್ಲಿಲ್ವಲ್ಲ!"

"ಡ್ರಾಯರಿಗೆ ಬಾಯಿಲ್ವಲ್ಲ ಮಿಸ್."

ಹನ್ನೊಂದಕ್ಕೆ ಹುಡುಗಿ ದಡಕ್ಕನೆ ಎದ್ದು ಹೊರಬರುತ್ತಾಳೆ. ಹಿಂದೆ ಯಾರೂ ಓಡಿ ಬರುವುದಿಲ್ಲ. ಆಯಮ್ಮ ತಲೆ ಎತ್ತದೆ ನೆಲ ಒರೆಸುತ್ತಲೇ ಇರುತ್ತಾರೆ. ಒಂದು, ಎರಡು, ಮೂರು... ಹದಿನಾಲ್ಕನೇ ಕಂಬ ಮುಟ್ಟಿ ಹುಡುಗಿ ತಿರುಗುತ್ತಾಳೆ. ಬಾಗಿಲು ತೆರೆದೇ ಇದೆ. ಮೂರನೇ ದೂರು ಹುಟ್ಟಲಿಲ್ಲ ಎಂದು ಯಾವ ಕಡತವೂ ಬರೆದುಕೊಳ್ಳುವುದಿಲ್ಲ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಆಯಮ್ಮ ಬಟ್ಟೆ ಹಿಂಡುತ್ತಾರೆ.

"ಆ ಆರು ಚೀಟಿ ಹಾಜರಿ ಪುಸ್ತಕದೊಳಗೆ ಇಡ್ಲಿ, ಅಷ್ಟೇ. ನನಗೂ ಮಂಡಿನೋವು. ನಾನು ಬರದ ದಿನ ನನಗೆ ಬದಲಿ ಯಾರು?"