ಚಕ್ಕುಲಿಯ ಜೊತೆಗೊಂದು ಕಾದಂಬರಿ

ಅರವತ್ತಕ್ಕೆ ಅರಳು ಮರಳು ಎಂದು ಗಾದೆಯೇ ಇದೆ. ನನಗೆ ಆಗ ಅರವತ್ತಾರು. ಆ ವಯಸ್ಸಿನಲ್ಲಿ ನಾನು ನನ್ನ ಮೊದಲ ಕಾದಂಬರಿಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಬೆಂಗಳೂರಿನಿಂದ ಡಬ್ಲಿನ್ನಿಗೆ ತರಿಸಿಕೊಂಡೆ. ಪೆಟ್ಟಿಗೆಗಳು ಬ್ಲಾಂಚರ್ಡ್ಸ್‌ಟೌನಿನ ನಮ್ಮ ಮನೆಯ ಮೆಟ್ಟಿಲ ಕೆಳಗೆ ಬಂದು ಕೂತವೋ ಇಲ್ಲವೋ, ಕೊರೋನಾ ಎಂದು ಊರಿಗೆ ಊರೇ ಮತ್ತೆ ಬಾಗಿಲು ಹಾಕಿಕೊಂಡಿತು. ವ್ಯಾಕ್ಯೂಮ್ ಕ್ಲೀನರ್ ಇಡಲು ಜಾಗವಿಲ್ಲವೆಂದು ನಮ್ಮ ಮನೆಯವರು ಗೊಣಗಿದರೇ ಹೊರತು ಪುಸ್ತಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಓದುವುದು ಹವಾಮಾನ ವರದಿಯೊಂದನ್ನೇ. ಈ ದೇಶದಲ್ಲಿ ಅದನ್ನೂ ಓದಬೇಕಾಗಿಲ್ಲ, ಕಿಟಕಿಯಿಂದ ಇಣುಕಿದರೆ ಸಾಕು.

ನನಗೆ ಹಣ ಬೇಕಿರಲಿಲ್ಲ. ಹಿಂದೆ ಕಿಲ್ಕೆನ್ನಿ ಊರಿನ ಲ್ಯಾಬೊಂದರಲ್ಲಿ ದುಡಿದದ್ದಕ್ಕೆ ಬರುವ ಪಿಂಚಣಿ ನಮಗೆ ಸಾಕು. ಬೇಕಿದ್ದುದು ಒಂದೇ: ಯಾರಾದರೂ ಒಬ್ಬರು ಆ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿ, ಬಂದು ನನ್ನೊಡನೆ ಅದರ ಬಗ್ಗೆ ಮಾತಾಡಬೇಕು. ಹೊಗಳಲಿ, ಉಗಿಯಲಿ, ಏನಾದರೂ ಸರಿ. ಇದೇನು ದೊಡ್ಡ ಆಸೆಯಲ್ಲ ಎಂದುಕೊಂಡಿದ್ದೆ. ನಮ್ಮ ಜನರನ್ನು ನಾನಿನ್ನೂ ಸರಿಯಾಗಿ ಅರಿತಿರಲಿಲ್ಲ.

ಮೊದಲು ಬಿಡುಗಡೆ ಸಮಾರಂಭ. ನಮ್ಮ ಕನ್ನಡಿಗರ ಗುಂಪಿನ ಕಾರ್ಯದರ್ಶಿ, ಮೈಸೂರು ಕಡೆಯ ಸಾಫ್ಟ್‌ವೇರ್ ಎಂಜಿನಿಯರ್, ಅದನ್ನು ಜೂಮ್‌ನಲ್ಲಿ ಏರ್ಪಡಿಸಿದ. ಪುಸ್ತಕಕ್ಕೆ ಬಣ್ಣದ ಕಾಗದ ಸುತ್ತಿದವಳೂ ನಾನೇ, ರಿಬ್ಬನ್ ಕಟ್ಟಿದವಳೂ ನಾನೇ, ಕ್ಯಾಮೆರಾದ ಮುಂದೆ ಅದನ್ನು ಬಿಚ್ಚಿ ಅಚ್ಚರಿಪಟ್ಟವಳೂ ನಾನೇ. ಮುಖ್ಯ ಅತಿಥಿಗಳು, "ಕೃತಿಯನ್ನು ಪೂರ್ತಿ ಓದಲು ಸಮಯವಾಗಲಿಲ್ಲ, ಅಲ್ಲಲ್ಲಿ ಕಣ್ಣಾಡಿಸಿದ್ದೇನೆ," ಎಂದು ಶುರುಮಾಡಿ ತಮ್ಮ ಕವನಗಳನ್ನು ವಾಚಿಸಿದರು. ಯಾರದೋ ಮನೆಯ ಕುಕ್ಕರ್ ಕೂಗಿತು. ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿ ಮಾಯವಾದರು. ತಿಂಗಳುಗಟ್ಟಲೆ ಮನೆಯಲ್ಲೇ ಬಿದ್ದುಕೊಂಡಿದ್ದ ಮನುಷ್ಯನಿಗೆ ಸಮಯವಾಗಲಿಲ್ಲವಂತೆ!

ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಬೇಡಿಕೆಗಳು ಬಂದವು. "ಆಂಟಿ, ನಮಗೊಂದು ಗೌರವ ಪ್ರತಿ?" "ಪಿಡಿಎಫ್ ಇದ್ರೆ ಕಳ್ಸಿ ಆಂಟಿ." ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ. ಮನೆಗೆ ಹೊಸ ಸೋಫಾ ತರಿಸಿ ಅದರ ಮೇಲೆ ಕೂತು ಪಿಡಿಎಫ್ ಕೇಳುತ್ತಾರೆ.

ಕಾರ್ಯದರ್ಶಿ ಫೋನ್ ಮಾಡಿದ. "ಆಂಟಿ, ಬರೀ ಬುಕ್ ಅಂದ್ರೆ ಯಾರೂ ತಗೊಳ್ಳಲ್ಲ. ಮಾರ್ಕೆಟಿಂಗ್ ಮಾಡ್ಬೇಕು. ಜೊತೆಗೆ ನಿಮ್ ಚಕ್ಕುಲಿ ಕೊಡಿ, ಆಮೇಲ್ ನೋಡಿ ಹೆಂಗ್ ಹೋಗುತ್ತೆ."

ಸಿಟ್ಟು ನೆತ್ತಿಗೇರಿತು. ಆರು ವರ್ಷ ಕೂತು ಬರೆದದ್ದನ್ನು ಚಕ್ಕುಲಿಯ ಬಾಲಕ್ಕೆ ಕಟ್ಟಬೇಕೇ? ಆದರೆ ಪೆಟ್ಟಿಗೆಗಳು ಮೆಟ್ಟಿಲ ಕೆಳಗೇ ಇದ್ದವು. ಮೂರನೆಯ ದಿನ ಅಕ್ಕಿ ಹಿಟ್ಟು ಕಲಸಿದೆ. ಪುಸ್ತಕದ ಜೊತೆ ಚಕ್ಕುಲಿ ಎಂದು ಕಾರ್ಯದರ್ಶಿ ಗುಂಪಿನಲ್ಲಿ ಹಾಕಿದ್ದೇ ತಡ, ಪುಸ್ತಕ ಬೇಕೆನ್ನುವವರ ಸಾಲು ಬೆಳೆಯಿತು. ಊರಿನಿಂದ ತಂದಿದ್ದ ಸ್ಟೀಲ್ ಡಬ್ಬಿಗಳನ್ನೆಲ್ಲ ಅಟ್ಟದಿಂದ ಇಳಿಸಿದೆ.

ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಕಾಲ ಅದು. ನನ್ನ ಓದುಗ ಲೋಕದ ಗಡಿಯೂ ಅಷ್ಟೇ. ನಮ್ಮ ಮನೆಯವರು ಕಾರು ಓಡಿಸುತ್ತಿದ್ದರು, ನಾನು ಬಾಗಿಲ ಬಳಿ ಚೀಲ ಇಟ್ಟು ಬೆಲ್ ಒತ್ತಿ ಹಿಂದೆ ಸರಿದು ನಿಲ್ಲುತ್ತಿದ್ದೆ. ಬಾಗಿಲು ತೆರೆದವರೆಲ್ಲ ಮೊದಲು ಡಬ್ಬಿಯ ಮುಚ್ಚಳವನ್ನೇ ತೆಗೆದರು. ಒಬ್ಬಾಕೆಯಂತೂ ನನ್ನೆದುರೇ ಪುಸ್ತಕಕ್ಕೆ ಸ್ಯಾನಿಟೈಸರ್ ಸಿಂಪಡಿಸಿ ಮುಖಪುಟದ ಬಣ್ಣ ಇಳಿಯುವಂತೆ ಉಜ್ಜಿದಳು. ಇನ್ನೊಂದು ಕೈಯಲ್ಲಿ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಚಕ್ಕುಲಿಗೆ ವೈರಸ್ ಅಂಟುವುದಿಲ್ಲವೆಂದು ಕಾಣುತ್ತದೆ.

ಒಮ್ಮೆ ರಸ್ತೆಯಲ್ಲಿ ಪೊಲೀಸಿನವನೊಬ್ಬ ತಡೆದು, ಎಲ್ಲಿಗೆ ಹೊರಟಿರಿ ಎಂದು ಕೇಳಿದ. ನಾನು ಬರೆದ ಪುಸ್ತಕ ಕೊಡಲು ಎಂದೆ. ಕತೆ ಯಾವುದರ ಬಗ್ಗೆ ಎಂದ. ಆ ಚಳಿಗಾಲದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವನು ಅವನೊಬ್ಬನೇ, ಅದೂ ಕನ್ನಡದ ಒಂದಕ್ಷರ ಬಾರದವನು. ಹೊಡೆಯುವ ಗಂಡನನ್ನು ಬಿಟ್ಟು, ಗೋಡಂಬಿ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬದುಕಲು ಕಲಿಯುವ ಹೆಂಗಸಿನ ಕತೆ ಎಂದೆ. "ಗ್ರ್ಯಾಂಡ್," ಎಂದು, ಅಂದರೆ ಇಲ್ಲಿಯವರ ಮಾತಿನಲ್ಲಿ ಸರಿ ಎಂದು, ಕೈ ಬೀಸಿ ಬಿಟ್ಟ.

ನಮ್ಮಲ್ಲಿ ಇನ್ನೊಬ್ಬರ ಮನೆಯ ಡಬ್ಬಿಯನ್ನು ಖಾಲಿ ಹಿಂತಿರುಗಿಸುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ನಮ್ಮ ಜನ ಇದನ್ನು ಮಾತ್ರ ಐರ್ಲೆಂಡಿಗೆ ಬಂದರೂ ಮರೆತಿಲ್ಲ. ಒಂದೊಂದಾಗಿ ಡಬ್ಬಿಗಳು ಬಾಗಿಲಿಗೆ ಬಂದವು: ಪುಳಿಯೋಗರೆ, ಕ್ಯಾರೆಟ್ ಹಲ್ವಾ, ಆಗ ಎಲ್ಲರ ಮನೆಯಲ್ಲೂ ಬೇಯುತ್ತಿದ್ದ ಬಾಳೆಹಣ್ಣಿನ ಕೇಕು. ಜೊತೆಗೆ ಮೆಸೇಜುಗಳು. "ಆಂಟಿ, ಚಕ್ಕುಲಿ ಸೂಪರ್! ಬೆಣ್ಣೆ ಹಾಕ್ತೀರೋ, ಕಾದ ಎಣ್ಣೆ ಹಾಕ್ತೀರೋ?" ಪುಸ್ತಕ ಹೇಗಿತ್ತು ಎಂದು ನಾನೇ ನಾಚಿಕೆ ಬಿಟ್ಟು ಕೇಳಿದರೆ, "ಅದನ್ನ ನಿಧಾನಕ್ಕೆ ಎಂಜಾಯ್ ಮಾಡ್ಕೊಂಡ್ ಓದ್ಬೇಕು ಆಂಟಿ." ಮನೆಯಿಂದಲೇ ಕೆಲಸ ಮಾಡುವ ಒಬ್ಬ ತನ್ನ ಮೇಜಿನ ಫೋಟೋ ಹಾಕಿದ. ಲ್ಯಾಪ್‌ಟಾಪ್ ಎತ್ತರಕ್ಕಿರಲೆಂದು ಅದರ ಕೆಳಗೆ ಇಟ್ಟದ್ದು ನನ್ನ ಕಾದಂಬರಿ. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ಬಾರಿಸಿದ್ದಲ್ಲದೆ ನಾನು ಕೋಣಕ್ಕೆ ತಿಂಡಿಯನ್ನೂ ಇಟ್ಟಿದ್ದೆ.

"ನಿನ್ನ ಪುಸ್ತಕ ಒಳ್ಳೇ ಹೋಗ್ತಾ ಉಂಟು ಮಾರಾಯ್ತಿ," ಎಂದರು ನಮ್ಮ ಮನೆಯವರು, ಯಾರೋ ಕಳಿಸಿದ ಕೇಕು ಜಗಿಯುತ್ತಾ. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ವಾರದ ಕೊನೆಯಲ್ಲಿ ಬೆಲ್ ಆಯಿತು. ಮಾಸ್ಕ್ ಹಾಕಿಕೊಂಡು ಡಬ್ಬಿ ಹಿಡಿದು ನಿಂತಿದ್ದಾಕೆ ಪಕ್ಕದ ಬಡಾವಣೆಯ ನರ್ಸ್, ನಮ್ಮ ಕರಾವಳಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಗೇಟಿನವರೆಗೆ ಹಿಂದೆ ಸರಿದಳು.

"ಸಾರಿ ಆಂಟಿ, ಡಬ್ಬಿ ಖಾಲಿ ಉಂಟು. ಎರಡು ದಿನ ರಜೆ ಇತ್ತು, ಅಡಿಗೆಯೇ ಮಾಡ್ಲಿಲ್ಲ ನಾನು. ಮಕ್ಕಳು ಕಾರ್ನ್‌ಫ್ಲೇಕ್ಸ್ ತಿಂದದ್ದು. ನಿಮ್ಮ ಪುಸ್ತಕ ಕೆಳಗೆ ಇಡ್ಲಿಕ್ಕೇ ಆಗ್ಲಿಲ್ಲ."

ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ಹಾಗೆ ಮಾಡುವಂತಿರಲಿಲ್ಲ. ಆಕೆಗೆ ಬೇಕಾಗಿದ್ದುದೂ ಅದಲ್ಲ.

"ಆದ್ರೆ ಕೊನೆಗೆ ಎಂಥ ಮಾಡಿದ್ದು ನೀವು? ಅವಳನ್ನು ವಾಪಸ್ ಗಂಡನ ಮನೆಗೆ ಕಳ್ಸಿದ್ದು ಯಾಕೆ? ಒಂದು ಬಕೆಟ್, ಒಂದು ಸ್ಟವ್, ಎಲ್ಲ ಅವಳೇ ದುಡಿದು ತೆಗೊಂಡದ್ದು. ಅವನು ಬಾಗಿಲಲ್ಲಿ ನಿಂತು ಅತ್ತ ಕೂಡ್ಲೆ ಎಲ್ಲ ಬಿಟ್ಟು ಹೋಗ್ತಾಳಾ? ಅವಳು ಹೋದದ್ದಲ್ಲ ಆಂಟಿ. ನೀವು ದೂಡಿದ್ದು."

ಆಕೆಯ ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. ಮೊದಲ ಕರಡಿನಲ್ಲಿ ನನ್ನ ಕತೆಯ ಹೆಂಗಸು ಅವನಿಗೆ ಬಾಗಿಲು ತೆರೆದಿರಲಿಲ್ಲ, ಅದನ್ನು ನಾನೇ ತಿದ್ದಿದ್ದೆ.

"ನಮ್ಮ ಜನ ಒಪ್ಪಬೇಕಲ್ಲ," ಎಂದೆ.

"ಯಾವ ಜನ?"

ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡೆ. ಯಾರು ಏನೆಂದುಕೊಳ್ಳುತ್ತಾರೋ ಎಂದು ಹೆದರಿ ನಾನು ಆ ಹೆಂಗಸನ್ನು ಹೊಡೆಯುವವನ ಮನೆಗೆ ಕಳಿಸಿದ್ದೆನೋ, ಅವರಲ್ಲಿ ಒಬ್ಬರೂ ಆ ಪುಟದವರೆಗೆ ಬಂದಿರಲಿಲ್ಲ.